ಕೂಗುವವರ ಬಿಲ್ಲೆ

ಬೇಗೂರು ದಾಟುವ ಮುಂಚೆ ಹೆದ್ದಾರಿಯ ಪಕ್ಕದ ಬಯಲಿನಲ್ಲಿ ಚೆಂಡು ಹೂವಿನ ಚೀಲಗಳನ್ನು ಆಳೆತ್ತರಕ್ಕೆ ಪೇರಿಸಿದ್ದರು. ಬಸ್ಸಿನ ಕಿಟಕಿಯಿಂದ ಮೊದಲು ಬಂದದ್ದು ವಾಸನೆ, ಆಮೇಲೆ ಬಣ್ಣ. ಚೆಂಡು ಹೂವಿನ ವಾಸನೆಯನ್ನು ಘಮ ಎನ್ನಲು ಬಾಯಿ ಬರುವುದಿಲ್ಲ. ಹಸಿ ಸೊಪ್ಪನ್ನು ಅಂಗೈಯಲ್ಲಿ ಉಜ್ಜಿದಂತೆ, ಸ್ವಲ್ಪ ಔಷಧಿಯಂತೆ, ಚೀಲದಲ್ಲಿ ಎರಡು ದಿನ ಉಳಿದರೆ ಸ್ವಲ್ಪ ಕೊಳೆತಂತೆ. ಒಂದು ವಾಸನೆ ಮೂಗಿಗೆ ತಾಗಿದೊಡನೆ ಒಂದು ಕಾಲವೇ ಎದ್ದು ಬರುತ್ತದೆ ಎನ್ನುತ್ತಾರೆ. ನನಗೆ ಎದ್ದು ಬಂದದ್ದು ತಪ್ಪು ಕಾಲ: ಹರದನಹಳ್ಳಿಯಲ್ಲಿ ನನ್ನ ಅಕ್ಕನ ಮದುವೆಯ ಚಪ್ಪರ, ಬಾಡಿದ ಹಾರ, ಊಟದ ಎಲೆ ಎತ್ತುವ ಗಡಿಬಿಡಿ. ಅದಲ್ಲ, ಅದಲ್ಲ ಎಂದುಕೊಳ್ಳುತ್ತಿರುವಾಗ ಒಂದು ದನಿ ಕೇಳಿಸಿತು.

“ಏ, ಆ ಚೀಲಾವ ಯಾಕ್ಲಾ ಬಿಸ್ಲಲ್ಲಿ ಬುಟ್ಟಿದ್ದೀಯ? ಬೆಳಗ್ಗಿಂದ ನೋಡ್ತಾವ್ನಿ, ಎಲ್ರುದೂ ಏರ್ತು. ನಂದು ಮಾತ್ರ ಹೂವಲ್ವಾ? ಚೇಟ್ಟಾ, ಒರು ಮಿನಿಟ್ಟು! ಲಾರಿ ಬುಡ್ಬ್ಯಾಡ!”

ಮಲಯಾಳ ಬೆರೆಸಿದ ಆ ಕೂಗಿಗೆ, ಓಣಂ ಹಬ್ಬದ ಹೂವು ತುಂಬಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿ ಅಲ್ಲೇ ನಿಂತಿತು. ಎದುರಿಗೆ ಟ್ರಾಕ್ಟರು ಅಡ್ಡ ಬಂದು ನನ್ನ ಬಸ್ಸೂ ನಿಂತಿತ್ತು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಇಳಿದುಬಿಟ್ಟೆ. ಮುಖ ನೋಡುವ ಅಗತ್ಯವಿರಲಿಲ್ಲ. ಆ ದನಿ ನಾನು ಏಳನೇ ತರಗತಿಯಲ್ಲಿ ಪಾಠ ಹೇಳಿದ್ದ ರಾಜಮ್ಮಣಿಯದು.

ಅವಳನ್ನು ಮಾತಾಡಿಸಿದ ಮೇಲೆ, ಇಷ್ಟು ವರ್ಷ ನಾನು ಹೇಳಿಕೊಂಡು ಬಂದಿದ್ದ ಒಂದು ಕಥೆ ಮೊದಲಿನಂತೆ ಉಳಿಯಲಿಲ್ಲ. ಮೇಷ್ಟರುಗಳ ತರಬೇತಿಗಳಲ್ಲಿ ಅದನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಎಲ್ಲಿ ನಿಲ್ಲಿಸಿದರೆ ಜನ ನಗುತ್ತಾರೆ, ಎಲ್ಲಿ ದನಿ ಇಳಿಸಿದರೆ ಸುಮ್ಮನಾಗುತ್ತಾರೆ ಎಂಬುದು ಬಾಯಿಗೆ ಬಂದಿತ್ತು. ಹಾಗೆ ನಯವಾದ ಕಥೆಯ ಮೇಲೆ ಅನುಮಾನ ಬರಬೇಕಿತ್ತು. ಬಂದಿರಲಿಲ್ಲ. ಮೊದಲು ಅದನ್ನೇ, ಹೇಳುತ್ತಿದ್ದ ಹಾಗೆಯೇ ಹೇಳುತ್ತೇನೆ.

ಎರಡು ಸಾವಿರದ ಐದನೇ ಇಸವಿ ಇರಬೇಕು, ಆರೂ ಆಗಿರಬಹುದು. ಬೇಗೂರಿನಿಂದ ಒಳಗೆ ಹೋಗುವ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನಾನು ಇಂಗ್ಲಿಷ್ ಮೇಷ್ಟರಾಗಿ ಹೋಗಿದ್ದೆ. ಗುಂಡ್ಲುಪೇಟೆಯಲ್ಲಿ ಒಂದು ರೂಮು, ಬೆಳಿಗ್ಗೆ ಬೇಗೂರಿನವರೆಗೆ ಬಸ್ಸು, ಅಲ್ಲಿಂದ ಯಾರದಾದರೂ ಗಾಡಿಯ ಹಿಂದೆ. ಆಷಾಢದ ಗಾಳಿ ವಯನಾಡಿನ ಕಡೆಯಿಂದ ಹನಿ ಮಳೆಯನ್ನು ಅಡ್ಡಡ್ಡ ತಂದು ಎರಚುತ್ತಿತ್ತು. ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟದ ತಲೆ ದಿನಗಟ್ಟಲೆ ಕಾಣುತ್ತಿರಲಿಲ್ಲ. ಶಾಲೆಯ ಸುತ್ತ ಮೂರು ದಿಕ್ಕಿಗೂ ಚೆಂಡು ಹೂವಿನ ಹೊಲ. ಹೂ ಬಿಡಿಸುವ ವಾರಗಳಲ್ಲಿ ಮಕ್ಕಳು ಬೆಳಗಿನ ಕೆಲಸ ಮುಗಿಸಿ ಎರಡನೇ ಪೀರಿಯಡ್ಡಿಗೆ ಬರುತ್ತಿದ್ದರು. ಬೆರಳೆಲ್ಲ ಅರಿಶಿನ ಬಣ್ಣ, ಉಗುರಿನ ಸಂದಿ ಕಪ್ಪು.

ಆ ಜೂನಿನಲ್ಲಿ ಚಾಮರಾಜನಗರದಲ್ಲಿ ಐದು ದಿನದ ತರಬೇತಿ ನಡೆದಿತ್ತು. ಅಲ್ಲಿ ಒಬ್ಬರು ಬೋರ್ಡಿನ ಮೇಲೆ ದೊಡ್ಡ ವೃತ್ತ ಬರೆದು, ಮಕ್ಕಳು ಹೀಗೆ ಸುತ್ತ ಕೂತು ತಾವೇ ಒಂದು ಕಥೆ ಓದಿ ತಾವೇ ಚರ್ಚೆ ಮಾಡಬೇಕು, ಮೇಷ್ಟರು ಬಾಯಿ ಮುಚ್ಚಿಕೊಂಡಿರಬೇಕು ಎಂದರು. ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಒಬ್ಬರು ಪ್ರಶ್ನೆ ಕೇಳುವವರು, ಒಬ್ಬರು ಗೊತ್ತಿಲ್ಲದ ಪದ ಹುಡುಕುವವರು, ಒಬ್ಬರು ಚಿತ್ರ ಬರೆಯುವವರು, ಒಬ್ಬರು ಕಥೆಯನ್ನು ತಮ್ಮ ಊರಿಗೆ ಹೋಲಿಸುವವರು, ಒಬ್ಬರು ಮುಂದಾಳು. ಇದಕ್ಕೆ ಅವರು ಇಂಗ್ಲಿಷಿನಲ್ಲಿ ‘ಲಿಟರೇಚರ್ ಸರ್ಕಲ್’ ಎಂದರು. ಊಟದ ಹೊತ್ತಿಗೆ ನಾವು ಮೇಷ್ಟರುಗಳು ಅದಕ್ಕೆ ‘ಬಾಯಿ ಮುಚ್ಚೋ ಸರ್ಕಲ್’ ಎಂದು ಹೆಸರಿಟ್ಟಿದ್ದೆವು. ನನಗೆ ಮಾತ್ರ ಅದರ ಹುಚ್ಚು ಹಿಡಿಯಿತು.

ಶಾಲೆಯ ಟ್ರಂಕಿನಲ್ಲಿ ತೆಳುವಾದ ಇಂಗ್ಲಿಷ್ ಕಥೆ ಪುಸ್ತಕಗಳಿದ್ದವು, ಒಂದೊಂದು ಕಥೆಗೆ ಆರೇಳು ಪ್ರತಿ. ಮಕ್ಕಳು ಇಂಗ್ಲಿಷ್ ಅಕ್ಷರ ಕಲಿಯಲು ಶುರು ಮಾಡಿ ಎರಡೇ ವರ್ಷವಾಗಿತ್ತು. ಒಂದು ವಾಕ್ಯ ಓದಲು ನಾಲ್ಕು ತಲೆ ಸೇರಬೇಕಿತ್ತು. ಓದುವುದು ಇಂಗ್ಲಿಷಿನಲ್ಲಿ, ಜಗಳ ಕನ್ನಡದಲ್ಲಿ, ಕೊನೆಗೆ ಒಂದು ಪ್ರಶ್ನೆಯನ್ನಾದರೂ ಇಂಗ್ಲಿಷಿನಲ್ಲಿ ಕೇಳಬೇಕು ಎಂದು ನಿಯಮ ಮಾಡಿದೆ. ರಟ್ಟು ಕತ್ತರಿಸಿ, ಕೆಲಸದ ಹೆಸರು ಬರೆದು, ದಾರ ಕಟ್ಟಿ ಬಿಲ್ಲೆ ಮಾಡಿದೆ. ಬಿಲ್ಲೆ ಕೊರಳಿಗೆ ಬಿದ್ದೊಡನೆ ಮಕ್ಕಳ ಬೆನ್ನು ನೆಟ್ಟಗಾಗುತ್ತಿತ್ತು.

ಮೊದಲ ಕಥೆ ಒಂದು ಮೇಕೆಯದು. ಒಬ್ಬ ಮುದುಕಿಯ ಮೇಕೆ ಪಕ್ಕದವನ ತೋಟಕ್ಕೆ ನುಗ್ಗಿ ಎಲೆಕೋಸು ತಿನ್ನುತ್ತದೆ. ಅವನು ಮೇಕೆಯನ್ನು ಕಟ್ಟಿಹಾಕುತ್ತಾನೆ. ಮುದುಕಿ ಅಳುತ್ತಾಳೆ, ಅವನ ಮನಸ್ಸು ಕರಗುತ್ತದೆ, ಇಬ್ಬರೂ ಸ್ನೇಹಿತರಾಗಿ ಮೇಕೆಯ ಹಾಲು ಕುಡಿಯುತ್ತಾರೆ. ಹತ್ತು ಪುಟ, ಪುಟಕ್ಕೆ ಎರಡು ವಾಕ್ಯ. ಐದು ಗುಂಪು ಓದಿ ಮುಗಿಸಿ ಶಾಲೆಯ ಜಗುಲಿಯ ಹತ್ತಿರ ಒಟ್ಟಿಗೆ ಸೇರಿದಾಗ ಶಿವಮಲ್ಲು ಎಂಬ ಹುಡುಗ ಎದ್ದು ನಿಂತ. ತರಗತಿಯಲ್ಲಿ ನಗಿಸುವ ಗುತ್ತಿಗೆ ಅವನದು.

“ಈ ಕತ ಸರಿ ಇಲ್ಲ ಸಾ.”

“ಯಾಕೋ?”

“ಕೋಸು ತಿಂದುದ್ಕ ತಪ್ಪೇ ಕಟ್ನಿಲ್ಲ! ಹಾಲು ಕುಡ್ಕಂಡು ಓಗ್ಬುಟ್ರಾ? ನಮ್ಮೂರಲ್ಲಾಗಿದ್ರ ನ್ಯಾಯ ಸೇರ್ಸೋರು.”

ಆ ಮಾತಿಗೆ ಇಡೀ ತರಗತಿ ಹೂಂಗುಟ್ಟಿತು. ಆ ಊರಿನಲ್ಲಿ ಬೇಲಿ, ನೀರು, ದನ, ಮದುವೆ ಮಾತು ಏನೇ ಕೆಟ್ಟರೂ ಚಾವಡಿಯಲ್ಲಿ ನ್ಯಾಯ ಸೇರುತ್ತಿತ್ತು. ಯಜಮಾನರು ಜಗುಲಿಯ ಮೇಲೆ, ದೂರು ತಂದವರು ಕೆಳಗೆ. ತಪ್ಪು ಮಾಡಿದವರಿಗೆ ಹಾಕುವ ದಂಡಕ್ಕೂ ತಪ್ಪು ಎಂದೇ ಹೆಸರು. ಮಕ್ಕಳು ನನ್ನ ವೃತ್ತವನ್ನು ನೋಡುನೋಡುತ್ತಲೇ ಬಿಚ್ಚಿ ನ್ಯಾಯ ಮಾಡಿಕೊಂಡರು. ಮುಂದಾಳು ಗುರುಸ್ವಾಮಿ ಜಗುಲಿಯ ಮೇಲೆ ಕಂಬಕ್ಕೆ ಒರಗಿ ಕೂತ. ಅವನು ಊರಿನ ಯಜಮಾನರ ಮೊಮ್ಮಗ. ಕೂತ ಭಂಗಿಯೂ ತಾತನದೇ. ಮುದುಕಿಯ ಕಡೆಯವರು ಮೆಟ್ಟಿಲ ಈಚೆ, ಕೋಸಿನವನ ಕಡೆಯವರು ಆಚೆ. ಹೂವಿನ ಬೆರಳು ಪುಟಪುಟದ ಮೇಲೆ ಹಳದಿ ಅಚ್ಚೊತ್ತಿ, ‘ಇಲ್ಲಿ ಬರ್ದದ ನೋಡು, ಮೇಕ ಕಟ್ಟಾಕ್ದ ಅಂತ’ ಎಂದು ಸಾಕ್ಷಿ ಹುಡುಕುತ್ತಿತ್ತು. ಇಂಗ್ಲಿಷ್ ವಾಕ್ಯವೊಂದನ್ನು ಅಷ್ಟು ಹಟದಿಂದ ಓದಿದವರನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಒಂದೇ ತೊಂದರೆ. ನಮ್ಮ ಪೀರಿಯಡ್ಡು ಬಿಸಿಯೂಟದ ನಂತರ. ತಟ್ಟೆ ತೊಳೆಯಲು ಹೋದವರು ನಲ್ಲಿಯ ಹತ್ತಿರ ಒಬ್ಬರು, ಬೇವಿನ ಮರದ ಕೆಳಗೆ ಇನ್ನೊಬ್ಬರು. ಎಲ್ಲರನ್ನೂ ಸೇರಿಸುವುದರಲ್ಲೇ ಹತ್ತು ನಿಮಿಷ ಹೋಗುತ್ತಿತ್ತು. ಅದಕ್ಕೆ ನಾನು ಆರನೆಯ ಬಿಲ್ಲೆ ಮಾಡಿದೆ: ಕೂಗುವವರು. ರಾಜಮ್ಮಣಿಯ ದನಿ ಹೊಲದಾಚೆಗೂ ಕೇಳುತ್ತಿದ್ದುದರಿಂದ ಅದನ್ನು ಅವಳ ಕೊರಳಿಗೆ ಹಾಕಿದೆ. ಅವಳು ಹಾಕಿಸಿಕೊಂಡಳು. ಯಾರಿಗೂ ಆಶ್ಚರ್ಯವಾಗಲಿಲ್ಲ.

“ಅವ್ಳೇ ತಾನೇ ಸಾ ಕೂಗ್ಬೇಕು” ಎಂದ ಗುರುಸ್ವಾಮಿ. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ.

“ಬನ್ರಪ್ಪೋ, ಕತ ಸೇರ್ತದ! ಬನ್ರವ್ವೋ, ಕತ ಸೇರ್ತದ!”

ಅವಳು ಕೂಗಿದರೆ ಮರದ ಮೇಲಿನ ಮಕ್ಕಳೂ ಇಳಿದು ಬರುತ್ತಿದ್ದರು. ಎಲ್ಲರೂ ಸೇರಿದ ಮೇಲೆ ಅವಳು ಜಗುಲಿಯ ಕೆಳಗೆ, ಮೆಟ್ಟಿಲಿಗೆ ಎರಡು ಮಾರು ದೂರ ನಿಂತಿರುತ್ತಿದ್ದಳು. ಚುರುಕು ಹುಡುಗಿ, ಕೂರಲು ಪುರುಸೊತ್ತಿಲ್ಲ ಎಂದು ನಾನು ತಿಳಿದೆ. ವಿಷಯ ಹೀಗಿತ್ತು: ಊರಿನಲ್ಲಿ ನ್ಯಾಯ ಸೇರುವ ದಿನ ಬೀದಿ ಬೀದಿ ಸುತ್ತಿ ಕೂಗುವುದು ಒಂದೇ ಮನೆತನದ ಕೆಲಸ. ಆ ಮನೆ ಊರ ಹೊರಗಿನ ಬೀದಿಯಲ್ಲಿತ್ತು. ಆಗ ಕೂಗುತ್ತಿದ್ದವರು ರಾಜಮ್ಮಣಿಯ ತಾತ. ಕೂಗಿ ಕರೆದವರು ನ್ಯಾಯದಲ್ಲಿ ಕೂರುವಂತಿಲ್ಲ, ಮಾತಾಡುವಂತಿಲ್ಲ, ದೂರ ನಿಂತಿರಬೇಕು.

ಇದು ನನಗೆ ಗೊತ್ತಿರಲಿಲ್ಲ ಎಂದು ತರಬೇತಿಗಳಲ್ಲಿ ಹೇಳುತ್ತಿದ್ದೆ. ಬರೆಯುವಾಗ ಆ ಮಾತು ಕೈಗೆ ಅಂಟುತ್ತಿದೆ. ನಾನು ಹುಟ್ಟಿದ್ದೂ ಹಳ್ಳಿಯಲ್ಲೇ. ನಮ್ಮ ಊರಲ್ಲೂ ಕೂಗುವವರಿದ್ದರು, ಅವರೂ ದೂರವೇ ನಿಲ್ಲುತ್ತಿದ್ದರು. ಗೊತ್ತಿರಲಿಲ್ಲ ಎನ್ನುವುದಕ್ಕಿಂತ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿಲ್ಲ ಎನ್ನುವುದು ಸರಿ. ನೋಡದೆ ಇರುವುದು ನನ್ನಂಥವರಿಗೆ ಸುಲಭ.

ಅವಳು ಕೇಳಿದ್ದಳು. ಜುಲೈನಲ್ಲೇ ಕೇಳಿದ್ದಳು.

“ಸಾ, ನಂಗ ಪ್ರಶ್ನ ಬಿಲ್ಲ ಕೊಡಿ.”

“ಮುಂದಿನ ವಾರ ಕೊಡ್ತೀನಿ. ನಿನ್ನಂಥ ಗಂಟಲು ಬೇರೆ ಯಾರಿಗಿದೆ ಹೇಳು?”

ಮುಂದಿನ ವಾರವೂ ಕೇಳಿದಳು. ಅದರ ಮುಂದಿನ ವಾರವೂ. ಅವಳು ತರಗತಿಯಲ್ಲೇ ಒಳ್ಳೆಯ ಓದುಗಾತಿ. ಪುಸ್ತಕವನ್ನು ಮನೆಗೆ ಒಯ್ದು ಪ್ರಶ್ನೆ ಬರೆದುಕೊಂಡು ಬರುತ್ತಿದ್ದಳು. ಆ ಚೀಟಿಯನ್ನು ಪ್ರಶ್ನೆ ಬಿಲ್ಲೆಯ ಹುಡುಗ ಇಸಿದುಕೊಂಡು ಓದುತ್ತಿದ್ದ. ನಾಲ್ಕನೆಯ ಸಲ ಅವಳು ಕೇಳಲಿಲ್ಲ.

ಆಗಸ್ಟಿನಲ್ಲಿ ತಾಲೂಕಿನಿಂದ ಇಬ್ಬರು ಅಧಿಕಾರಿಗಳು ನಮ್ಮ ಕಥೆ ಕೂಟ ನೋಡಲು ಬಂದರು. ಅವರಿಗೆ ಸುದ್ದಿ ಮುಟ್ಟಿಸಿದ್ದು ನಾನೇ. ತೋರಿಸಲೆಂದು ಮೇಕೆಯ ಕಥೆಯನ್ನೇ ಮತ್ತೆ ಇಟ್ಟಿದ್ದೆ. ಹೆಡ್ ಮೇಷ್ಟರು ಜಗುಲಿ ತೊಳೆಸಿ ರಂಗೋಲಿ ಹಾಕಿಸಿದ್ದರು. ಹಿಂದಿನ ವಾರದವರೆಗೂ ‘ಇಂಗ್ಲಿಷ್ ಪೀರಿಯಡ್ಡಲ್ಲಿ ಪಂಚಾಯ್ತಿ ಮಾಡ್ತೀರೇನ್ರೀ’ ಎಂದು ಗೊಣಗುತ್ತಿದ್ದವರು. ಊಟ ಮುಗಿಯಿತು. ಅಧಿಕಾರಿಗಳು ಕುರ್ಚಿಯಲ್ಲಿ ಕೂತರು. ಗುರುಸ್ವಾಮಿ ಆಗಲೇ ಜಗುಲಿಯ ಮೇಲೆ ಕೂತಿದ್ದ; ಉಳಿದ ಮಕ್ಕಳು ನಲ್ಲಿಯ ಹತ್ತಿರ, ಮರದ ಕೆಳಗೆ ಚದುರಿ ಕರೆಗೆ ಕಾಯುತ್ತಿದ್ದರು.

ರಾಜಮ್ಮಣಿ ಕೂಗಲಿಲ್ಲ.

“ಕೂಗಮ್ಮಾ” ಎಂದರು ಹೆಡ್ ಮೇಷ್ಟರು, ಹಲ್ಲು ಕಚ್ಚಿಕೊಂಡು ನಗುತ್ತ.

ಅವಳು ಕೊರಳಿನ ಬಿಲ್ಲೆ ತೆಗೆದು ಮೆಟ್ಟಿಲ ಮೇಲಿಟ್ಟಳು. ಜಗುಲಿ ಹತ್ತಿದಳು. ಗುರುಸ್ವಾಮಿಯಿಂದ ಒಂದು ಮಾರು ಈಚೆ ಕೂತು, ಮಡಿಚಿದ ಚೀಟಿ ಬಿಚ್ಚಿ, ಖಾಲಿ ಅಂಗಳಕ್ಕೆ ಕೇಳುವಂತೆ ಇಂಗ್ಲಿಷಿನಲ್ಲಿ ಓದಿದಳು: “ಹೂ ಆಸ್ಕ್ ದಿ ಗೋಟ್?” ಮೇಕೆಯನ್ನು ಯಾರು ಕೇಳಿದರು?

ತರಬೇತಿಯಲ್ಲಿ ನಾನು ಇಲ್ಲಿ ಎರಡು ಕ್ಷಣ ನಿಲ್ಲುತ್ತಿದ್ದೆ. ಆಮೇಲೆ, ಗುರುಸ್ವಾಮಿ ಎದ್ದು ಮೆಟ್ಟಿಲ ಮೇಲಿನ ಬಿಲ್ಲೆಯನ್ನು ತನ್ನ ಕೊರಳಿಗೆ ಹಾಕಿಕೊಂಡು, ಒಡೆಯುತ್ತಿದ್ದ ಗಂಟಲಿನಲ್ಲಿ ‘ಬನ್ರಪ್ಪೋ’ ಎಂದು ಕೂಗಿದ್ದು, ಮಕ್ಕಳು ನಗುತ್ತ ಓಡಿ ಬಂದದ್ದು, ಅಧಿಕಾರಿಗಳು ಚಪ್ಪಾಳೆ ತಟ್ಟಿದ್ದು, ಅಂದಿನಿಂದ ನಾನು ಬಿಲ್ಲೆಗಳನ್ನು ವಾರವಾರ ಸರದಿಯಂತೆ ಬದಲಿಸಿದ್ದು. ಕಥೆ ಮುಗಿಯಿತು. ಮೇಷ್ಟರುಗಳು ಟೀ ಕುಡಿಯಲು ಏಳುತ್ತಿದ್ದರು.

ಹೂವಿನ ಬಯಲಿನ ಅಂಚಿನ ಟೀ ಅಂಗಡಿಯಲ್ಲಿ ರಾಜಮ್ಮಣಿ ನನ್ನೆದುರು ಕೂತಿದ್ದಳು. ಹರವೆ ಕಡೆಯ ಊರಿಗೆ ಮದುವೆಯಾಗಿ ಹೋಗಿದ್ದಾಳೆ. ಗಂಡ ಹೆಂಡತಿ ಸೇರಿ ಹೂವು ಬೆಳೆಯುತ್ತಾರೆ. ಬೆರಳು ಅದೇ ಬಣ್ಣ. ಚೀಲ ಲಾರಿಗೆ ಏರಿದ್ದು ನೋಡಿಯೇ ಅವಳು ಬಂದು ಕೂತದ್ದು.

“ನಿನ್ನ ಮೇಕೆ ಪ್ರಶ್ನೆಯನ್ನು ಇವತ್ತಿಗೂ ಹೇಳ್ತೀನಮ್ಮ, ಹೋದಕಡೆಯೆಲ್ಲ” ಎಂದೆ.

“ಯಾವ ಮೇಕ ಪ್ರಶ್ನ ಸಾ?”

ಹೇಳಿದೆ. ಅವಳು ಟೀ ಲೋಟ ಕೆಳಗಿಟ್ಟು ಯೋಚಿಸಿದಳು.

“ನಾನು ಅದ ಕೇಳ್ನಿಲ್ಲ ಅನ್ಸ್ತದ ಸಾ. ನಾನು ಕೇಳಿದ್ದು ಬೇಲಿದು. ‘ವೈ ನೋ ಫೆನ್ಸ್’ ಅಂತ. ಕೋಸು ಹಾಕ್ದೋನು ಬೇಲಿ ಹಾಕ್ಬೇಕೋ ಬ್ಯಾಡ್ವೋ? ಮೇಕಗೇನ್ ಗೊತ್ತಾದದು?” ನಕ್ಕಳು. “ನಿಮ್ದೇ ಚೆಂದಾಗದ ಬುಡಿ. ಹಂಗೇ ಯೋಳಿ.”

ಮೇಕೆಯ ಪ್ರಶ್ನೆ ಎಲ್ಲಿಂದ ಬಂತು? ಅವಳದಲ್ಲದಿದ್ದರೆ ಬಹುಶಃ ನನ್ನದೇ; ಯಾವುದೋ ತರಬೇತಿಯಲ್ಲಿ ಬೇಲಿಯ ಪ್ರಶ್ನೆಗೆ ಯಾರೂ ಸುಮ್ಮನಾಗದಿದ್ದಾಗ ನಾಲಿಗೆ ತಾನೇ ತಿದ್ದಿಕೊಂಡಿರಬೇಕು. ರೈತರ ಮನೆಯ ಮಗು ಕೇಳುವ ಪ್ರಶ್ನೆ ಬೇಲಿಯದೇ. ನನಗೆ ಅದು ಸಾಲದೆ ಹೋಯಿತು.

“ಆಮೇಲಿಂದ ಯೋಳ್ತೀರಾ ಸಾ? ನೀವು ತಪ್ಪು ಕಟ್ಟಿದ್ದ?” ಎಂದಳು.

ಮರೆತಿರಲಿಲ್ಲ. ಹೇಳುವಾಗ ಬಿಟ್ಟಿದ್ದೆ. ವರ್ಷ ವರ್ಷ ಬಿಡುತ್ತ ಬಂದು ಅದು ನಡೆದೇ ಇಲ್ಲದಂತಾಗಿತ್ತು. ಅವಳು ಎಳೆ ಎಳೆಯಾಗಿ ಎತ್ತಿಕೊಟ್ಟಳು. ಕೆಲವು ಕಡೆ ನಾನು ತಿದ್ದಿದೆ, ಹೆಚ್ಚು ಕಡೆ ಅವಳು ತಿದ್ದಿದಳು.

ಕೂಗುವ ಬಿಲ್ಲೆ ಹಾಕಿಕೊಂಡ ಗುರುಸ್ವಾಮಿಗೆ ಅದರ ರುಚಿ ಹತ್ತಿತು. ಅಂದು ಸಂಜೆ ಅವನು ತನ್ನ ಮನೆಯ ಬೀದಿಯಲ್ಲಿ ನಿಂತು ಅಭ್ಯಾಸ ಮಾಡಿದ. ಬನ್ರಪ್ಪೋ, ಸೇರ್ತದ, ಬನ್ರಪ್ಪೋ. ‘ಕತ’ ಎಂಬ ಮಾತು ಗಾಳಿಗೆ ಹೋಯಿತೋ, ಅವನೇ ನುಂಗಿದನೋ. ಊರಿನವರು ಸೇರ್ತದ ಎಂದರೆ ನ್ಯಾಯ ಎಂದೇ ತಿಳಿದರು. ಹೂ ಬಿಡಿಸಿ ದಣಿದವರು ಕಾಲು ತೊಳೆದುಕೊಂಡು, ಟವೆಲು ಹೆಗಲಿಗೆ ಹಾಕಿ ಒಬ್ಬೊಬ್ಬರಾಗಿ ಚಾವಡಿಗೆ ಬಂದು ಕೂತರು. ಯಾರದು ನ್ಯಾಯ, ಯಾರ ಮೇಲೆ ದೂರು ಎಂದು ಒಬ್ಬರನ್ನೊಬ್ಬರು ಕೇಳಿದರು. ತಾವು ಕೂಗದೆ ನ್ಯಾಯ ಸೇರಿತೆಂದು ಗಾಬರಿಯಾಗಿ ರಾಜಮ್ಮಣಿಯ ತಾತ ಓಡಿ ಬಂದರು. ಕೊನೆಗೆ ಯಜಮಾನರು ಬಂದು ನೋಡಿದರೆ ಕೂಗಿದ್ದು ಅವರದೇ ಮೊಮ್ಮಗ, ನ್ಯಾಯ ಒಂದು ಇಂಗ್ಲಿಷ್ ಮೇಕೆಯದು. ಚಾವಡಿ ನಕ್ಕಿತು. ಯಜಮಾನರು ನಗಲಿಲ್ಲ.

ಮರುದಿನ ಬೆಳಿಗ್ಗೆ ಅವರು ಶಾಲೆಗೆ ಬಂದರು. ಕೋಪವಿರಲಿಲ್ಲ, ಕೋಪವಿದ್ದಿದ್ದರೆ ಉತ್ತರ ಹೇಳಬಹುದಿತ್ತು.

“ಮೇಷ್ಟ್ರೇ, ನೀವು ಒಳ್ಳೇರು. ಐಕ್ಳಿಗ ಇಂಗ್ಲೀಸು ಬರ್ಲಿ, ಬ್ಯಾಡ ಅನ್ನಲ್ಲ. ಆದ್ರ ಕೂಗೋದು ನಮ್ಮನ ಕೆಲ್ಸ ಅಲ್ಲ ಕಣಿ. ಯಾರ್ಯಾರು ಎಲ್ಲೆಲ್ಲಿ ಕೂತ್ಕಬೇಕು ಅನ್ನದ ನೀವು ಬುಕ್ನಲ್ಲಿ ಕಲ್ಸಾದು ಬ್ಯಾಡ. ಅದ ನಮ್ಗ ಬುಡಿ.”

ಹೆಡ್ ಮೇಷ್ಟರು ಅವರಿಗೆ ಕುರ್ಚಿ ಕೊಟ್ಟರು. ನಾನು ಏನು ಹೇಳಿದೆ? ಅಂಥ ಹೊತ್ತಿನಲ್ಲಿ ಏನಾದರೂ ಹೇಳಿದ್ದರೆ ನೆನಪಿರುತ್ತಿತ್ತು. ಬಿಲ್ಲೆಗಳನ್ನೆಲ್ಲ ಇಸಿದುಕೊಂಡು ಟ್ರಂಕಿಗೆ ಹಾಕಿದೆ. ಹಿಂದಿನ ದಿನ ಅಧಿಕಾರಿಗಳ ಎದುರಿಗೆ ರಾಜಮ್ಮಣಿಯ ಕೊರಳಿಗೆ ನಾನೇ ಹಾಕಿದ್ದ ಪ್ರಶ್ನೆ ಬಿಲ್ಲೆಗೆ ಒಂದು ದಿನವೂ ತುಂಬಿರಲಿಲ್ಲ.

“ಗಲಾಟೆ ತಣ್ಣಗಾಗ್ಲಿ, ಎರಡು ದಿನ” ಎಂದು ಅಂದು ಅವಳಿಗೆ ಹೇಳಿದೆ.

“ಎಲ್ಡು ದಿನ ಅಂದ್ರಿ, ಎಲ್ಡು ವಾರ ಆಯ್ತು ಸಾ” ಎಂದಳು ಟೀ ಅಂಗಡಿಯ ರಾಜಮ್ಮಣಿ. ನಾನು ಒಂದು ವಾರ ಎಂದುಕೊಂಡಿದ್ದೆ. ಅವಳ ಲೆಕ್ಕವೇ ಸರಿಯಿರಬೇಕು. ಕಳೆದುಕೊಂಡವರು ದಿನ ಎಣಿಸುತ್ತಾರೆ.

ಆ ಎರಡು ವಾರ ನಾನು ಒಳ್ಳೆಯ ಮೇಷ್ಟರಾಗಿದ್ದೆ. ಬೋರ್ಡಿನ ಮೇಲೆ ಪ್ರಶ್ನೆ, ಕೆಳಗೆ ಉತ್ತರ, ಮಕ್ಕಳು ಸಾಲಾಗಿ ಕೂತು ಬರೆದುಕೊಂಡರು. ಹೆಡ್ ಮೇಷ್ಟರು ಕಿಟಕಿಯಿಂದ ನೋಡಿ ತಲೆದೂಗಿದರು. ರಾಜಮ್ಮಣಿ ಬರುತ್ತಿದ್ದಳು, ಬರೆಯುತ್ತಿದ್ದಳು. ಪುಸ್ತಕ ಮಾತ್ರ ಮನೆಗೆ ಕೇಳಲಿಲ್ಲ. ಒಂದು ದಿನ ಗೈರುಹಾಜರಿ, ಆಮೇಲೆ ಎರಡು ದಿನ. ಹೂ ಬಿಡಿಸಲು ಹೋಗಿದ್ದಾಳೆ ಎಂದರು. ಆಗ ನನಗೆ ಹೆದರಿಕೆಯಾಯಿತು. ಟ್ರಂಕು ತೆರೆಯುವಷ್ಟು ಹೆದರಿಕೆ ಇನ್ನೂ ಆಗಿರಲಿಲ್ಲ.

ಅವಳು ಮರಳಿ ಬಂದ ದಿನ, ನಾನು ಊಟ ಮುಗಿಸಿ ತಟ್ಟೆ ತೊಳೆದು ತಿರುಗಿದರೆ, ನನ್ನ ಕುರ್ಚಿ ಜಗುಲಿಯ ಮೇಲಿರಲಿಲ್ಲ. ಅಂಗಳದಲ್ಲಿ, ಮೆಟ್ಟಿಲಿಗೆ ಎರಡು ಮಾರು ದೂರದಲ್ಲಿ ಇತ್ತು. ಜಗುಲಿಯ ತುಂಬ ಮಕ್ಕಳು. ನಡುವೆ ಗುರುಸ್ವಾಮಿ, ಕಂಬಕ್ಕೆ ಒರಗದೆ ನೆಟ್ಟಗೆ ಕೂತಿದ್ದ. ಅವನ ಪಕ್ಕದಲ್ಲೇ, ಮಾರು ದೂರವಿಲ್ಲದೆ, ರಾಜಮ್ಮಣಿ.

“ಬನ್ನಿ ಸಾ. ಕೂತ್ಕಳಿ” ಎಂದ ಶಿವಮಲ್ಲು. “ಎದುರ್ಕಬ್ಯಾಡಿ. ನ್ಯಾಯ ಅಷ್ಟೇಯ.”

ಹೆಡ್ ಮೇಷ್ಟರು ಬೇಗೂರಿಗೆ ಹೋಗಿದ್ದರು. ಮಕ್ಕಳು ಅದನ್ನು ನೋಡಿಕೊಂಡೇ ದಿನ ಇಟ್ಟಿದ್ದರು. ನಾನು ಹೋಗಿ ಕೂತೆ. ಕೆಳಗೆ ಕೂತು ನೋಡಿದರೆ ಆ ಜಗುಲಿ ಎಷ್ಟು ಎತ್ತರ ಎಂದು ತಿಳಿಯಿತು.

ರಾಜಮ್ಮಣಿ ಚೀಟಿ ಬಿಚ್ಚಿದಳು. ಇಂಗ್ಲಿಷ್ ಪೀರಿಯಡ್ಡು ತಾನೇ. “ಸಾ, ವೈ ಯು ಟೇಕ್ ಬ್ಯಾಡ್ಜ್?”

ನಾನು ಇಂಗ್ಲಿಷಿನಲ್ಲಿ ಏನೋ ಉದ್ದ ಹೇಳಿದೆ. ಪರಿಸ್ಥಿತಿ, ಸಮಯ, ಊರಿನ ಶಾಂತಿ ಇತ್ಯಾದಿ.

“ಅರ್ಥ ಆಗ್ನಿಲ್ಲ. ಕನ್ನಡ್ದಲ್ಲಿ ಯೋಳಿ” ಎಂದಳು.

ಕನ್ನಡದಲ್ಲಿ ಹೇಳಲು ಹೋದರೆ ಅಷ್ಟು ಉದ್ದವೇ ಇರಲಿಲ್ಲ. “ಹೆದರಿಕೊಂಡೆ” ಎಂದೆ.

ಇಂಥ ಒಪ್ಪಿಗೆ ಇಷ್ಟು ಬೇಗ ಸಿಗುತ್ತದೆಂದು ಅವರು ಎಣಿಸಿರಲಿಲ್ಲ. ಶಿವಮಲ್ಲು ಮುಂದಿನ ಚೀಟಿಗಳನ್ನೆಲ್ಲ ಬೇಜಾರಿನಿಂದ ಮಡಿಚಿದ. ಗುರುಸ್ವಾಮಿ ಅವರಿವರ ಕಿವಿಯಲ್ಲಿ ಮಾತಾಡಿ, ಕೆಮ್ಮಿ, ತೀರ್ಪು ಹೇಳಿದ.

“ಸಾ ತಪ್ಪು ಮಾಡವ್ರ. ಒಪ್ಕಂಡವ್ರ. ರಾಜಮ್ಮಣಿ ಬಿಲ್ಲ ರಾಜಮ್ಮಣಿಗ ಕೊಡ್ಬೇಕು. ಮಾರ್ಚ್ ಗಂಟ ಯಾರೂ ಕಿತ್ಕಬಾರ್ದು. ಇನ್ನ ಕೂಗೋದು. ನಮ್ಮನೇರು ಕೂಗಂಗಿಲ್ಲ, ತಾತ ಬಯ್ತನ. ರಾಜಮ್ಮಣಿ ಕೂಗಲ್ಲ ಅಂತಾವ್ಳ. ನೀವು ಈ ಊರೋರೇ ಅಲ್ಲ. ನಿಮ್ಗ ಬೀದಿ ಇಲ್ಲ, ಚಾವಡಿ ಇಲ್ಲ. ಅದ್ಕ ಒಂದ್ ವಾರ ನೀವೇ ಕೂಗ್ಬೇಕು. ಆಮ್ಯಾಕ ಇಸ್ಕೂಲ್ ಗಂಟ ಹೊಡ್ಕಂಡು ಸೇರ್ತೀವಿ. ಏನಂತೀರಿ?”

ಹದಿಮೂರು ವರ್ಷದ ಹುಡುಗ. ತಾತನ ಮಾತನ್ನೂ ಮೀರದೆ, ಪಕ್ಕದವಳನ್ನೂ ಏಳಿಸದೆ, ಇಬ್ಬರ ನಡುವೆ ಬೇಲಿಯಲ್ಲಿ ಒಂದು ಕಂಡಿ ಹುಡುಕಿದ್ದ. ಐದು ದಿನದ ತರಬೇತಿಯಲ್ಲಿ ಅದನ್ನು ನನಗೆ ಯಾರೂ ಕಲಿಸಿರಲಿಲ್ಲ. ನಾನು ಟ್ರಂಕು ತೆರೆದೆ.

ಮರುದಿನದಿಂದ, ಊಟವಾದ ಮೇಲೆ, ಕೂಗುವವರ ಬಿಲ್ಲೆ ಕೊರಳಿಗೆ ಹಾಕಿಕೊಂಡು ನಾನು ಅಂಗಳ ಸುತ್ತಿದೆ. ಮೊದಲ ದಿನ ದನಿ ನಲ್ಲಿಯವರೆಗೂ ಮುಟ್ಟಲಿಲ್ಲ. ‘ಕೇಳ್ನಿಲ್ಲ ಸಾ’ ಎಂದು ಮರದ ಕೆಳಗಿನವರು ಬೇಕೆಂದೇ ಕೂತೇ ಇದ್ದರು. ರಾಜಮ್ಮಣಿ ಜಗುಲಿಯ ಮೇಲಿನಿಂದ, ‘ಹೊಟ್ಟಯಿಂದ ಕೂಗಿ ಸಾ, ಗಂಟ್ಲಿಂದ ಬ್ಯಾಡ’ ಎಂದು ಹೇಳಿಕೊಟ್ಟಳು. ಮೂರನೆಯ ದಿನ ಹೊಲಕ್ಕೆ ಹೋಗುತ್ತಿದ್ದ ಯಜಮಾನರು ಬೇಲಿಯಾಚೆ ನಿಂತು ನೋಡಿದರು. ಕೊರಳಲ್ಲಿ ರಟ್ಟಿನ ಬಿಲ್ಲೆ ಹಾಕಿಕೊಂಡು ಬನ್ರಪ್ಪೋ ಎನ್ನುವ ಮೇಷ್ಟರನ್ನು ನೋಡಿ ಏನೆನಿಸಿತೋ, ‘ಮೇಷ್ಟ್ರ ಗಂಟ್ಲು ಸಾಲ್ದು’ ಎಂದು ಹೇಳಿ ಹೊರಟುಹೋದರು. ಜಗುಲಿಯ ಮೇಲೆ ಯಾರ ಪಕ್ಕ ಯಾರು ಕೂತಿದ್ದಾರೆಂಬುದು ಅವರಿಗೆ ಕಾಣಲಿಲ್ಲವೋ, ಕಂಡೂ ಹೋದರೋ ತಿಳಿಯದು. ಊರ ಚಾವಡಿಯಲ್ಲಿ ಏನೂ ಬದಲಾಗಲಿಲ್ಲ. ರಾಜಮ್ಮಣಿಯ ತಾತ ಆಮೇಲೂ ಕೂಗಿದರು, ಆಮೇಲೂ ದೂರ ನಿಂತರು. ನಮ್ಮ ಜಗುಲಿಯಲ್ಲಿ, ದಿನಕ್ಕೆ ಒಂದು ಪೀರಿಯಡ್ಡು, ಮಾರ್ಚಿನವರೆಗೆ, ಅವರ ಮೊಮ್ಮಗಳು ಕೂತು ಪ್ರಶ್ನೆ ಕೇಳಿದಳು. ಅಷ್ಟೇ ನಡೆದದ್ದು. ಅದಕ್ಕಿಂತ ಹೆಚ್ಚು ನಡೆಯಿತೆಂದು ಹೇಳುವ ಆಸೆ ಬಂದಾಗಲೆಲ್ಲ ಈಗ ನಾಲಿಗೆ ಕಚ್ಚಿಕೊಳ್ಳುತ್ತೇನೆ.

“ಗುರುಸ್ವಾಮಿ ಹೇಗಿದ್ದಾನೆ?” ಎಂದೆ.

“ಅವ್ನ್ದೂ ಹೂವು ಇಲ್ಗೇ ಬತ್ತದ ಸಾ. ಸಿಕ್ತಾನ. ಸಿಕ್ದಾಗೆಲ್ಲ ‘ಏನಮ್ಮಿ, ಬಿಲ್ಲ ಅದಾ’ ಅಂತಾನ.” ಅವಳು ಸೆರಗಿನಿಂದ ಬೆರಳು ಒರೆಸಿಕೊಂಡಳು, ಹಳದಿ ಹೋಗಲಿಲ್ಲ. “ಇನ್ನೊಂದು ಪ್ರಶ್ನ ಸಾ. ಒಂದ್ ವಾರ ಅಂತ ತಾನೇ ತಪ್ಪು ಕಟ್ಟಿದ್ದು? ಆರು ದಿನ. ನೀವು ಐದೇ ದಿನ ಕೂಗಿದ್ದು. ಸನಿವಾರ ರಜಾ ಹಾಕ್ಬುಟ್ಟು ಊರ್ಗ ಓದ್ರಿ.”

“ಶನಿವಾರ ಬಂದಿದ್ದೆ. ನನಗೆ ಚೆನ್ನಾಗಿ ನೆನಪಿದೆ.”

“ನೆಪ್ಪದಾ?” ಎಂದಳು. “ಮೇಕ ಪ್ರಶ್ನನೂ ನೆಪ್ಪಿತ್ತು ನಿಮ್ಗ.”

ಹೊರಗೆ ಲಾರಿಯವನು ಹಗ್ಗ ಬಿಗಿದು ಹಾರನ್ ಹೊಡೆಯುತ್ತಿದ್ದ. ಹಮಾಲರು ಬಯಲಿನ ಆಚೆ ತುದಿಯಲ್ಲಿ ಹುಣಸೆ ಮರದ ನೆರಳಿಗೆ ಹೋಗಿ ಕೂತಿದ್ದರು; ಇನ್ನೂ ಎರಡು ಚೀಲ ಉಳಿದಿದ್ದವು, ಯಾರವೋ.

“ಕೂಗಿ ಸಾ” ಎಂದಳು ರಾಜಮ್ಮಣಿ. “ಬರ್ಲಿ ಅವ್ರು. ಹೊಟ್ಟಯಿಂದ.”

ಟೀ ಅಂಗಡಿಯವನು ನೋಡುತ್ತಿದ್ದ. ನಾನು ಚೀಲವನ್ನು ಬೆಂಚಿನ ಮೇಲಿಟ್ಟು ಬಯಲಿಗೆ ಇಳಿದೆ. ಹೂವಿನ ವಾಸನೆ ಎದೆ ತುಂಬಿತು. ಎರಡೂ ಕೈ ಬಾಯಿಯ ಸುತ್ತ ಹಿಡಿದು ಕೂಗಿದೆ.

“ಬನ್ರಪ್ಪೋ!”

ಹುಣಸೆ ಮರದ ಕೆಳಗೆ ಒಬ್ಬ ತಲೆಯೆತ್ತಿ ಇತ್ತ ನೋಡಿದ. ಹಿಂದಿನಿಂದ ಅವಳ ದನಿ ಬಂತು.

“ಕೇಳ್ನಿಲ್ಲ ಸಾ. ಇನ್ನೊಂದ್ಸಲ.”